ಒಣನೆಲದ ಉಪಾಯ, ಕೆಸರಿನ ಉಸಿರು

ಅರಸೀಕೆರೆಯಲ್ಲಿ ಬಸ್ಸು ಹತ್ತಿ ಬಾಣಾವರ, ಜಾವಗಲ್ಲು ದಾಟಿದರೆ ಹಳೇಬೀಡು. ಅಲ್ಲಿಂದ ಹದಿನಾರು ಕಿಲೋಮೀಟರಿಗೆ ಬೇಲೂರು. ಒಟ್ಟು ಅರವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಇಲ್ಲಿ ಓಡಾಡುವ ಪ್ರವಾಸಿಗಳ ಮನಸ್ಸೆಲ್ಲ ಗುಡಿಗಳ ಮೇಲಿರುತ್ತದೆ, ಇರಬೇಕಾದ್ದೇ. ಬೇಲೂರಿನ ಚೆನ್ನಕೇಶವ 1117ರದು. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಅದಾದ ನಾಲ್ಕಾರು ವರ್ಷಕ್ಕೆ ಶುರುವಾಯಿತು. ಅರಸೀಕೆರೆಯ ಶಿವಾಲಯ 1220ರದು. ಆದರೆ ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಹೋಗುವಾಗ ಕಿಟಕಿಯಾಚೆ ಸರಿದುಹೋಗುವ ಗಿಡಮರಗಳನ್ನು ನೋಡುತ್ತಾ ಕೂತವರಿಗೆ ಗುಡಿಗಳಿಗಿಂತ ಎಷ್ಟೋ ಹಳೆಯದಾದ ಇನ್ನೊಂದು ಕುಶಲತೆ ಕಾಣಿಸುತ್ತದೆ. ಇವತ್ತು ನಾನು ಹೇಳಹೊರಟಿರುವುದು ಅದನ್ನು.

ಅರಸೀಕೆರೆ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಬೇಲೂರಿಗೆ ಬರುವ ಹೊತ್ತಿಗೆ ಅದು 1000ದ ಹತ್ತಿರ ಹೋಗುತ್ತದೆ. ಇನ್ನೂ ಪಡುವಣಕ್ಕೆ, ಸಕಲೇಶಪುರಕ್ಕೆ ಹೋದರೆ ಅದರ ಎರಡರಷ್ಟು. ಮಳೆ ಬರುವ ರೀತಿಯೂ ಬೇರೆ. ಪುಷ್ಯ, ಆಶ್ಲೇಷ ಮಳೆಗಳಲ್ಲಿ ಬೇಲೂರಿನ ಪಶ್ಚಿಮದ ಹಳ್ಳಿಗಳು ವಾರಗಟ್ಟಲೆ ಜಡಿಯಲ್ಲಿ ನೆನೆಯುತ್ತಿದ್ದರೆ, ಅರಸೀಕೆರೆಯ ಹೊಲಗಳ ಮೇಲೆ ಮೋಡ ಬರೀ ಗಾಳಿ ಬೀಸಿಕೊಂಡು ಓಡುತ್ತಿರುತ್ತದೆ. ಅಲ್ಲಿಯ ರೈತ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳ ದಾರಿ ಕಾಯಬೇಕು.

ಒಂದೇ ಜಿಲ್ಲೆಯೊಳಗೆ ಬಯಲುಸೀಮೆಯ ಕುರುಚಲಿನಿಂದ ಘಟ್ಟದ ನಿತ್ಯಹಸುರಿನ ಕಾಡಿನವರೆಗೆ ಎಲ್ಲವೂ ಸಿಗುವುದು ದೊಡ್ಡ ಭಾಗ್ಯ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಸ್ಯಶಾಸ್ತ್ರಜ್ಞ, ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಸೇರಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಮೇಲೆ ಒಂಬೈನೂರು ಪುಟ ಮೀರಿದ ಗ್ರಂಥವನ್ನು 1976ರಲ್ಲಿ ಹೊರತಂದರು. ಒಂದು ಜಿಲ್ಲೆಯ ಗಿಡಗಳಿಗೆ ಅಷ್ಟು ಪುಟ ಬೇಕಾಯಿತು ಎಂಬುದರಲ್ಲೇ ಈ ನೆಲದ ವೈವಿಧ್ಯ ಅರ್ಥವಾಗಬೇಕು. ನಮ್ಮ ಶಾಲೆ ಕಾಲೇಜುಗಳ ಕಪಾಟಿನಲ್ಲಿ ಆ ಪುಸ್ತಕ ಇರಬೇಕು, ಮಕ್ಕಳ ಕೈಗೆ ಸಿಗಬೇಕು ಎಂದು ನನಗೆ ಬಹಳ ಆಸೆ.

ಗಿಡಕ್ಕೆ ಎಲ್ಲಿದ್ದರೂ ಇರುವ ಸಂಕಟ ಒಂದೇ. ಆಹಾರ ತಯಾರಿಸಲು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬೇಕು. ಅದು ಒಳಗೆ ಬರುವುದು ಎಲೆಯ ಮೇಲಿನ ಪತ್ರರಂಧ್ರಗಳಿಂದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ. ಆ ತೂತು ತೆರೆದ ಕ್ಷಣವೇ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು. ಬಯಲುಸೀಮೆಯ ಗಿಡದ ರೂಪ, ಬಣ್ಣ, ಮುಳ್ಳು, ಅಂಟು, ಎಲ್ಲವೂ ಈ ಇಕ್ಕಟ್ಟಿನೊಳಗೆ ಬದುಕುವ ಉಪಾಯಗಳೇ.

ಅರಸೀಕೆರೆಯ ಸುತ್ತಿನ ಗುಡ್ಡಗಳಲ್ಲಿ, ಹಿರೇಕಲ್ಲು ಗುಡ್ಡದ ಕಡೆಗೋ ಮಾಲೇಕಲ್ಲು ತಿರುಪತಿಯ ಬೆಟ್ಟದ ತಪ್ಪಲಿಗೋ ಹೋದಾಗ, ಬಂದರಿಕೆ ಗಿಡದ ಒಂದೆಲೆ ಕಿತ್ತು ಬೆರಳಲ್ಲಿ ಉಜ್ಜಿ ನೋಡಿ. ಅಂಟುತ್ತದೆ. ಎಲೆಯ ಮೇಲೆ ಗಿಡ ತಾನೇ ಸುರಿಸಿಕೊಂಡ ರಾಳ ಅದು. ನೀರು ಹೊರಹೋಗುವುದನ್ನು ತಡೆಯುತ್ತದೆ, ಬಿಸಿಲನ್ನೂ ಹಿಂದಕ್ಕೆ ಹೊಳೆಸುತ್ತದೆ. ದನ ಕರು ಬಾಯಿ ಹಾಕದಿರುವುದಕ್ಕೂ ಅದೇ ಕಾರಣ. ಪಕ್ಕದಲ್ಲೇ ಹಳದಿ ಹೂ ಬಿಟ್ಟ ತಂಗಡಿ ಇರುತ್ತದೆ, ಜಾಲಿ ಇರುತ್ತದೆ. ಇವು ಎಲೆಯನ್ನೇ ಚೂರು ಚೂರು ಮಾಡಿಕೊಂಡಿವೆ. ಅಗಲವಾದ ಎಲೆ ಬಿಸಿಲಿಗೆ ಕಾದರೆ ಬೇಗ ಆರುವುದಿಲ್ಲ. ಜಾಲಿಯ ಸಣ್ಣ ಎಲೆ ಸ್ವಲ್ಪ ಗಾಳಿಯಾಡಿದರೂ ತಣ್ಣಗಾಗುತ್ತದೆ, ತಣ್ಣಗಾಗಲು ನೀರು ಖರ್ಚು ಮಾಡಬೇಕಾಗಿಲ್ಲ. ಮುತ್ತುಗ ಇನ್ನೊಂದು ದಾರಿ ಹಿಡಿದಿದೆ. ಬೇಸಿಗೆ ಕಾಲಿಡುವ ಹೊತ್ತಿಗೆ ಎಲೆಯನ್ನೆಲ್ಲ ಉದುರಿಸಿ, ಬೋಳು ಕೊಂಬೆಯ ತುಂಬ ಕೆಂಡದ ಬಣ್ಣದ ಹೂ ಹೊತ್ತು ನಿಲ್ಲುತ್ತದೆ.

ಕಳ್ಳಿಯ ಉಪಾಯ ಇವೆಲ್ಲಕ್ಕಿಂತ ಆಳವಾದದ್ದು. ಅದಕ್ಕೆ ಎಲೆ ಬಂದರೂ ಬಹಳ ದಿನ ನಿಲ್ಲುವುದಿಲ್ಲ, ಹಸುರು ಕಾಂಡವೇ ಎಲೆಯ ಕೆಲಸ ಮಾಡುತ್ತದೆ. ನೀರು ಅಲ್ಲೇ ಸಂಗ್ರಹ. ನಮ್ಮ ಕಳ್ಳಿಗೂ ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಎರಡೂ ಬೇರೆ ಬೇರೆ ಕುಟುಂಬದವು. ಸಮುದ್ರದ ಆಚೆ ಈಚೆ ಇದ್ದುಕೊಂಡೇ ದಪ್ಪ ಕಾಂಡ, ಮುಳ್ಳು ಎಂಬ ಒಂದೇ ಉತ್ತರಕ್ಕೆ ಬಂದು ಮುಟ್ಟಿವೆ. ರೈಲುಹಳಿಯ ಬದಿಯಲ್ಲಿ ಬೆಳೆಯುವ ಕತ್ತಾಳೆಯೂ ಅಮೆರಿಕದಿಂದ ಬಂದದ್ದೇ. ಈ ಮೂರೂ ಮಾಡುವ ಒಂದು ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ನಡೆಯುವುದು ರಾತ್ರಿ. ಹಗಲು ಪತ್ರರಂಧ್ರಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ತಂಪಾದ ಮೇಲೆ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಮಾಡಿ ಇಟ್ಟುಕೊಳ್ಳುತ್ತವೆ. ಬೆಳಗಾದ ಮೇಲೆ ರಂಧ್ರ ಮುಚ್ಚಿ, ಆ ಆಮ್ಲವನ್ನು ಒಡೆದು, ಬಿಸಿಲಿನ ಶಕ್ತಿಯಿಂದ ಸಕ್ಕರೆ ಮಾಡುತ್ತವೆ.

ಈ ಗುಟ್ಟಿನ ಒಂದು ಎಳೆ ವಿಜ್ಞಾನಕ್ಕೆ ಸಿಕ್ಕಿದ್ದು ನಾಲಿಗೆಯಿಂದ, ಅದೂ ನಮ್ಮ ದೇಶದಲ್ಲಿ. ಬೆಂಜಮಿನ್ ಹೈನ್ ಎಂಬ ಜರ್ಮನ್ ಮೂಲದ ಸಸ್ಯಶಾಸ್ತ್ರಜ್ಞ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ. ಟಿಪ್ಪುವಿನ ನಂತರ ಬೆಂಗಳೂರಿನ ಲಾಲ್‌ಬಾಗ್ ಅವನ ಉಸ್ತುವಾರಿಗೆ ಬಂತು. ಮೈಸೂರು ಸೀಮೆಯ ಸರ್ವೆಯಲ್ಲೂ ಅವನು ಇದ್ದ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿರುತ್ತದೆ, ಮಧ್ಯಾಹ್ನಕ್ಕೆ ರುಚಿಯೇ ಇರುವುದಿಲ್ಲ, ಸಂಜೆಗೆ ತುಸು ಕಹಿಯಾಗುತ್ತದೆ ಎಂದು ಅವನು 1813ರಲ್ಲಿ ಇಂಗ್ಲೆಂಡಿನ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಪತ್ರ ಬರೆದ. ಆ ಪತ್ರ ಲಿನ್ನೇಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ಅದರ ಹಿಂದಿನ ರಸಾಯನ ಪೂರ್ತಿ ತಿಳಿಯಲು ವಿಜ್ಞಾನಿಗಳಿಗೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುವ ಈ ಕಾಡುಬಸಳೆ ನಮ್ಮ ಎಷ್ಟೋ ಮನೆಗಳ ಹಿತ್ತಿಲಲ್ಲಿದೆ. ಸೂರ್ಯ ಮೇಲೇರುವ ಮೊದಲು ಎಲೆಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ, ನುಂಗಬೇಡಿ. ಇಳಿಹೊತ್ತಿನಲ್ಲಿ ಅದೇ ಗಿಡದ ಇನ್ನೊಂದು ಚೂರನ್ನು ಹಾಗೆಯೇ ಮಾಡಿ. ಇರುಳೆಲ್ಲ ಕೂಡಿಟ್ಟ ಆಮ್ಲ ಹಗಲಲ್ಲಿ ಖರ್ಚಾದದ್ದು ನಿಮ್ಮ ನಾಲಿಗೆಗೇ ಗೊತ್ತಾಗುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಖರ್ಚಿಲ್ಲ, ಉಪಕರಣ ಬೇಡ, ದೊಡ್ಡವರು ಪಕ್ಕದಲ್ಲಿದ್ದರೆ ಸಾಕು.

ಕಾಡುಗಿಡ ಬಿಟ್ಟು ಹೊಲಕ್ಕೆ ಬಂದರೂ ಇದೇ ಲೆಕ್ಕ. ಅರಸೀಕೆರೆ ಕಡೆ ರಾಗಿ, ಬೇಲೂರಿನ ಕಡೆ ಭತ್ತದ ಗದ್ದೆ. ಇದು ಹಿಂದಿನಿಂದ ಬಂದ ರೂಢಿ ಎನ್ನುತ್ತೇವೆ. ರೂಢಿಯ ಕೆಳಗೆ ಎಲೆಯ ರಚನೆಯಲ್ಲೇ ಒಂದು ಕಾರಣವಿದೆ. ರಾಗಿಯ ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿದು, ಒಳಗಿನ ಕೋಶಗಳಿಗೆ ಒತ್ತಿ ತುಂಬುವ ಏರ್ಪಾಡು ಇದೆ. ಹೀಗಾಗಿ ರಂಧ್ರವನ್ನು ಕೊಂಚವೇ ತೆರೆದರೂ ಅದಕ್ಕೆ ಸಾಕು. ಜೋಳ, ಮುಸುಕಿನ ಜೋಳ, ಕಬ್ಬಿನಲ್ಲೂ ಇದೇ ಏರ್ಪಾಡು. ಭತ್ತಕ್ಕೆ ಇದಿಲ್ಲ. ಸಸ್ಯಶಾಸ್ತ್ರದ ಪಠ್ಯಗಳು ಕೊಡುವ ಅಂದಾಜಿನಂತೆ, ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಗಳಿಸಲು ಭತ್ತದಂಥ ಗಿಡ ನೀರಿನ ಸುಮಾರು 400 ಅಣುಗಳನ್ನು ಕಳೆದುಕೊಳ್ಳುತ್ತದೆ, ರಾಗಿಯ ಬಗೆಯದು ಸುಮಾರು 150, ಕಳ್ಳಿ ಕತ್ತಾಳೆಯ ಬಗೆಯದು ಸುಮಾರು 50. ರಾಗಿ ಪೈರು ಬಾಡಿದಾಗ ಎಲೆಯನ್ನು ಸುರುಳಿ ಸುತ್ತಿಕೊಂಡು ಕಾಯುತ್ತದೆ, ಮಳೆ ಬಿದ್ದ ಎರಡು ದಿನಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಎಳೆಪೈರಿನಲ್ಲಿ ಹಲುಬೆ ಹೊಡೆಯುವ ನಮ್ಮ ರೈತರ ಪದ್ಧತಿ ಗಿಡದ ಈ ಗುಣವನ್ನು ಬಲ್ಲವರ ಪದ್ಧತಿ. ಮೇಲ್ಮಣ್ಣು ಸಡಿಲವಾಗಿ ತೇವ ಉಳಿಯುತ್ತದೆ, ಮೇಲಿನ ಬೇರು ಕೊಂಚ ಅಲುಗಿದ ಪೈರು ಹೊಸ ಬೇರು ಬಿಟ್ಟು ತೆಂಡೆ ಒಡೆಯುತ್ತದೆ.

ಹಾಗಾದರೆ ನೀರಿನಲ್ಲೇ ನಿಂತ ಗಿಡಕ್ಕೆ ಕಷ್ಟವಿಲ್ಲವೇ? ಅದೇ ರಾಗಿಯನ್ನು ಗದ್ದೆಯ ನಿಂತ ನೀರಿನಲ್ಲಿ ಬಿಟ್ಟು ನೋಡಿ, ಹಳದಿಯಾಗಿ ಕೊರಗುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಬೇರು ಕೂಡ ಉಸಿರಾಡುವ ಅಂಗ ಎಂಬುದನ್ನು ನಾವು ಮರೆಯುತ್ತೇವೆ. ಒಣನೆಲದ ಗಿಡಕ್ಕೆ ನೀರಿನ ಚಿಂತೆ, ಕೆಸರಿನ ಗಿಡಕ್ಕೆ ಉಸಿರಿನ ಚಿಂತೆ.

ಭತ್ತ ತನ್ನ ಕಾಂಡ ಬೇರುಗಳ ಒಳಗೆ ಉದ್ದಕ್ಕೂ ಟೊಳ್ಳು ಕೊರೆದುಕೊಂಡಿದೆ. ಎಲೆಯಿಂದ ಒಳಬಂದ ಗಾಳಿ ಅದರಲ್ಲಿ ಇಳಿದು ಬೇರಿನ ತುದಿ ಮುಟ್ಟುತ್ತದೆ. ಗದ್ದೆಯಿಂದ ಒಂದು ಬುಡ ಕಿತ್ತು, ಕೆಸರು ತೊಳೆದು ಬೇರಿನ ಬಣ್ಣ ನೋಡಿ. ಎಷ್ಟೋ ಬೇರುಗಳಿಗೆ ತುಕ್ಕಿನ ಕೆಂಪು ಹತ್ತಿರುತ್ತದೆ. ಅದು ನಿಜಕ್ಕೂ ತುಕ್ಕೇ. ಬೇರಿನಿಂದ ಸೋರಿದ ಆಮ್ಲಜನಕ ತಾಗಿ, ಕೆಸರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಬೇರಿನ ಮೇಲೆ ಪದರವಾಗಿ ಕೂತಿರುತ್ತದೆ. ಗಾಳಿಯಿಲ್ಲದ ಕೆಸರಿನೊಳಗೆ ಗಿಡ ಗಾಳಿ ಇಳಿಸಿದ್ದಕ್ಕೆ ಆ ಕೆಂಪೇ ಸಾಕ್ಷಿ.

ಹಳೇಬೀಡಿನ ದ್ವಾರಸಮುದ್ರದಂಥ ಕೆರೆಗಳ ಸೀಮೆಯಲ್ಲಿ ತಾವರೆಯ ಮಾತು ಬಾರದೆ ಹೇಗೆ ಇದ್ದೀತು. ತಾವರೆಯ ದಂಟು ಮುರಿದರೆ ಒಳಗೆ ಸಾಲು ತೂತು. ಇದು ಎಲ್ಲರೂ ಕಂಡದ್ದು. ಅಷ್ಟಾಗಿ ಕಾಣದ್ದು ಎಲೆಯ ಮೇಲಿದೆ. ನೆಲದ ಮರಗಳಿಗೆ ಪತ್ರರಂಧ್ರ ಹೆಚ್ಚಾಗಿ ಎಲೆಯ ಅಡಿಯಲ್ಲಿ. ತಾವರೆಗೆ ಮೇಲ್ಭಾಗದಲ್ಲಿ. ಆ ಮೇಲ್ಭಾಗವನ್ನು ನೀರು ನೆನೆಸದಂತೆ ಸೂಕ್ಷ್ಮವಾದ ಮೇಣದ ಗುಬುಟುಗಳು ಕಾಯುತ್ತವೆ. ಬಿಸಿಲಿಗೆ ಎಲೆ ಕಾದಾಗ ಒಳಗಿನ ಗಾಳಿಗೆ ಒತ್ತಡ ಬಂದು, ದಂಟಿನ ತೂತುಗಳಲ್ಲಿ ಇಳಿದು, ಕೆಸರಿನೊಳಗಿನ ಗೆಡ್ಡೆಯವರೆಗೂ ಹೋಗಿ, ಬೇರೆ ತೂತುಗಳಿಂದ ಮೇಲೆ ಬರುತ್ತದೆ. ಹೊರಹೋಗುವುದು ಎಲೆಯ ನಟ್ಟನಡುವಿನ ಮಾಸಲು ಬೊಟ್ಟಿನಿಂದ. ಒಳ್ಳೆಯ ಬಿಸಿಲಿದ್ದಾಗ ಆ ಬೊಟ್ಟಿನ ಮೇಲೆ ಒಂದಿಷ್ಟು ನೀರು ನಿಲ್ಲಿಸಿದರೆ ಗುಳ್ಳೆ ಏಳುವುದು ಕಾಣುತ್ತದೆ. ಕೆರೆಯ ತಳದ ಗೆಡ್ಡೆ ಬಿಟ್ಟ ಉಸಿರು ಅದು.

ಇಲ್ಲಿಯವರೆಗೆ ಒಣನೆಲ ಒಂದು ಕಡೆ, ಹಸಿನೆಲ ಒಂದು ಕಡೆ ಎಂಬಂತೆ ಹೇಳುತ್ತಾ ಬಂದೆ. ಗಿಡದ ಬದುಕು ಅಷ್ಟು ಸರಳವಾಗಿಲ್ಲ. ಒಣಗುವುದು ನೆನೆಯುವುದು ಮಳೆಯ ನಕ್ಷೆಗಿಂತ ಹೆಚ್ಚಾಗಿ ಬೇರು ಊರಿದ ಆ ಗೇಣುದ್ದದ ಜಾಗದಲ್ಲಿ ತೀರ್ಮಾನವಾಗುತ್ತದೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಇದೇ.

ತಾವರೆಯನ್ನೇ ತೆಗೆದುಕೊಳ್ಳಿ. ಅದಕ್ಕಿಂತ ನೀರಿನ ಗಿಡ ಇನ್ನಾವುದಿದೆ? ಆದರೆ ಅದರ ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ನೀರನ್ನೂ ಒಳಗೆ ಬಿಡುವುದಿಲ್ಲ. ಕೆರೆ ಬತ್ತುತ್ತದೆ ಎಂಬುದನ್ನು ಗಿಡದ ವಂಶ ಬಲ್ಲದು. ಚೀನಾದ ಒಂದು ಒಣಗಿದ ಕೆರೆಯ ತಳದಲ್ಲಿ ಸಿಕ್ಕ ತಾವರೆ ಬೀಜ ಸುಮಾರು 1300 ವರ್ಷದ್ದು ಎಂದು ಲೆಕ್ಕ ಸಿಕ್ಕಿತು, ಅದು ಮೊಳೆಯಿತು ಎಂಬ ವರದಿ 1995ರಲ್ಲಿ ಪ್ರಕಟವಾಯಿತು. ಹೊಯ್ಸಳೇಶ್ವರದ ಗೋಡೆಗೆ ಇನ್ನೂ ಸುಮಾರು 900 ವರ್ಷ. ದ್ವಾರಸಮುದ್ರದ ಅಂಗಳ ಬಿರುಕು ಬಿಟ್ಟ ವರ್ಷಗಳನ್ನು ಹಳೇಬೀಡಿನವರು ಕಂಡಿದ್ದಾರೆ. ಅಂಥ ವರ್ಷಗಳಲ್ಲಿ ಕೆರೆ ಸತ್ತಂತೆ ಕಂಡರೂ ಹೂಳಿನಲ್ಲಿ ಬೀಜವಿರುತ್ತದೆ, ಗೆಡ್ಡೆಯಿರುತ್ತದೆ, ನಾಲ್ಕೆಲೆಯ ನೀರುಜರಿಯ ಗಟ್ಟಿ ಬೀಜಕೋಶಗಳಿರುತ್ತವೆ. ಹೂಳೆತ್ತುವ ಯಂತ್ರ ಇಳಿಸುವಾಗ ಇದನ್ನು ನೆನಪಿಟ್ಟು, ಕೆರೆಯ ಒಂದು ಮೂಲೆಯನ್ನಾದರೂ ಕೆದಕದೆ ಬಿಡಬೇಕು ಎಂದು ಕೆಲಸ ಮಾಡಿಸುವವರಲ್ಲಿ ನನ್ನ ಪ್ರಾರ್ಥನೆ.

ಇನ್ನು ಬೇಲೂರಿನ ಪಶ್ಚಿಮಕ್ಕೆ, ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳಿಗೆ ಬನ್ನಿ. ಮಳೆಗಾಲದಲ್ಲಿ ಮರಕ್ಕೆ ಪಾಚಿ ಹತ್ತುವ ಜಾಗ. ಅಲ್ಲಿಯೇ ನೆರಳಿನ ಮರದ ಕೊಂಬೆಯ ಮೇಲೆ ಸೀತಾಳೆ ಎಂಬ ಆರ್ಕಿಡ್ ಕೂತಿರುತ್ತದೆ. ಮಣ್ಣಿಲ್ಲ, ಕೊಂಬೆಯ ತೊಗಟೆ ಮಳೆ ನಿಂತ ಗಂಟೆಯೊಳಗೆ ಒಣಗುತ್ತದೆ. ಮಲೆನಾಡಿನ ಮಧ್ಯದಲ್ಲೇ ಸೀತಾಳೆ ಬದುಕುತ್ತಿರುವುದು ಮರುಭೂಮಿಯಲ್ಲಿ. ಅದರ ಜೋತುಬಿದ್ದ ಬೇರಿನ ಬಣ್ಣ ಒಣಗಿದಾಗ ಬೂದುಬಿಳಿ. ಮೇಲೆ ಸತ್ತ ಕೋಶಗಳ ಪದರವಿದ್ದು, ಅವು ಖಾಲಿಯಾಗಿ ಗಾಳಿ ತುಂಬಿಕೊಂಡಿರುತ್ತವೆ. ಒಂದು ಬೊಗಸೆ ನೀರು ಚಿಮುಕಿಸಿ ನೋಡಿ. ಆ ಪದರ ಸ್ಪಂಜಿನ ಹಾಗೆ ನೀರು ಹೀರಿ ಪಾರದರ್ಶಕವಾಗುತ್ತದೆ, ಒಳಗಿನ ಹಸುರು ನಿಮ್ಮ ಕಣ್ಣೆದುರೇ ಮೇಲೆ ತೋರುತ್ತದೆ. ಅರಸೀಕೆರೆಯ ಕತ್ತಾಳೆಯಂತೆ ಇಂಥ ಮರದ ಮೇಲಿನ ಎಷ್ಟೋ ಆರ್ಕಿಡ್‌ಗಳು ರಾತ್ರಿಯೇ ರಂಧ್ರ ತೆರೆಯುತ್ತವೆ. ನೋಡಿದ ಮೇಲೆ ಅದನ್ನು ಅಲ್ಲೇ ಬಿಡಿ. ಕಿತ್ತು ತಂದ ಸೀತಾಳೆ ಮನೆಯ ಕುಂಡದ ಮಣ್ಣಿನಲ್ಲಿ ಕೊಳೆಯುತ್ತದೆ.

ಅದೇ ತೋಟದ ಕಾಫಿಯೂ ಒಣಹವೆಯನ್ನು ಬೇಡುವ ಗಿಡವೇ, ಆದರೆ ಕೆಲವು ವಾರದ ಮಟ್ಟಿಗೆ. ಮಾಗಿ ಕಳೆದು ಬೇಸಿಗೆ ಏರುವಾಗ ಗಿಣ್ಣುಗಳಲ್ಲಿ ಮೊಗ್ಗು ಕಟ್ಟಿ ನಿದ್ರೆಗೆ ಹೋಗುತ್ತದೆ. ಆ ದಿನಗಳಲ್ಲಿ ಗಿಡಕ್ಕೆ ಕೊಂಚ ಬಾಯಾರಿಕೆ ಆಗಲೇಬೇಕು. ಆಮೇಲೆ ಒಂದು, ಒಂದೂವರೆ ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ. ಆ ಒಣಗುವ ಅವಧಿಯೇ ಸಿಗದೆ ಅಕಾಲದಲ್ಲಿ ಹನಿ ಬೀಳುತ್ತಿದ್ದರೆ ಹೂವು ಕಂತುಕಂತಾಗಿ ಅರಳಿ, ಹಣ್ಣೂ ಹಾಗೆಯೇ ಬಂದು, ಕೊಯ್ಲಿಗೆ ಮತ್ತೆ ಮತ್ತೆ ಆಳು ಇಡಬೇಕಾಗುತ್ತದೆ. ಈಗ ಮಳೆಯ ಕ್ರಮ ತಪ್ಪುತ್ತಿರುವ ವರ್ಷಗಳಲ್ಲಿ ಬೆಳೆಗಾರರ ಚಿಂತೆ ಇದೇ. ಮಳೆ ಎಷ್ಟು ಬಂತು ಎನ್ನುವುದರ ಜೊತೆಗೆ, ಬರಬಾರದಾಗ ಬಂತೇ ಎನ್ನುವುದೂ ಗಿಡಕ್ಕೆ ಮುಖ್ಯ.

ಎರಡೂ ಕಡೆ ಹೊಂದಿಕೊಂಡ ಮರವೊಂದಿದೆ, ನಮ್ಮ ಹೊಂಗೆ. ಯಗಚಿಯಂಥ ಹೊಳೆಗಳ ದಂಡೆಯಲ್ಲಿ ಬುಡ ನೀರಲ್ಲಿ ನೆನೆದರೂ ತಾಳಿಕೊಳ್ಳುತ್ತದೆ. ಅರಸೀಕೆರೆಯ ಹೊಲದ ಬದುವಿನಲ್ಲಿ ಮಣ್ಣು ಕಾದು ಬಿರುಕುಬಿಟ್ಟಾಗಲೂ ಯುಗಾದಿಯ ಹೊತ್ತಿಗೆ ಎಳೆಹಸುರು ಚಿಗುರು ಹೊತ್ತು ನಿಲ್ಲುತ್ತದೆ. ಉರಿಬಿಸಿಲಲ್ಲಿ ಹೊಸ ಎಲೆ ಬಿಡುವ ಧೈರ್ಯ ಬಂದದ್ದು ಆಳಕ್ಕೆ ಇಳಿದ ಬೇರಿನಿಂದ. ದನಗಾಹಿಗಳು, ಕೂಲಿಯವರು ನಡುಹಗಲು ಬುತ್ತಿ ಬಿಚ್ಚುವುದು ಅದರ ನೆರಳಿನಲ್ಲಿ.

ತೆಂಗಿನ ಕಥೆ ಬೇರೆ. ಅರಸೀಕೆರೆಯ ಹೆಸರು ತೆಂಗು, ಕೊಬ್ಬರಿಗಳಿಂದ ದೂರದವರೆಗೂ ಹೋಗಿದೆ. ಆದರೆ ತೆಂಗು ಹುಟ್ಟಿನಿಂದ ಕಡಲತೀರದ ಮರ. ಅದಕ್ಕೆ ತಾಯಿಬೇರಿಲ್ಲ, ಬುಡದಿಂದ ಹೊರಡುವ ನಾರುಬೇರುಗಳ ಹಾಸೇ ಆಧಾರ. ಹಿಂದಿನವರು ಅದನ್ನು ಇಟ್ಟದ್ದು ಕೆರೆಯ ಹಿಂದೆ, ಹಳ್ಳದ ಪಕ್ಕ, ನೀರಿನ ಪಸೆ ಮೇಲೆಯೇ ಇರುವ ತಗ್ಗಿನಲ್ಲಿ. ಬಯಲುಸೀಮೆಯಲ್ಲಿ ಒಂದು ತುಂಡು ತೀರಪ್ರದೇಶವನ್ನೇ ಅವರು ಹುಡುಕಿ ಕೊಟ್ಟಿದ್ದರು. ಬೋರ್‌ವೆಲ್ ಬಂದ ಮೇಲೆ ತೋಟ ದಿಣ್ಣೆಗೂ ಏರಿತು. 2010ರ ದಶಕದ ಸತತ ಬರದಲ್ಲಿ ಬೋರು ಬತ್ತಿದಾಗ ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಸುಳಿ ಬಾಗಿ, ಗರಿ ಜೋತುಬಿದ್ದು ನಿಂತ ತೋಟಗಳನ್ನು ಕಂಡವರಿಗೆ ಹೊಟ್ಟೆ ಉರಿಯದೆ ಇರುವುದಿಲ್ಲ. ಉಳಿದ ಮರಗಳೂ ತಕ್ಷಣ ಚೇತರಿಸಿಕೊಳ್ಳುವುದಿಲ್ಲ. ತೆಂಗಿನ ಹೊಂಬಾಳೆ ಹೊರಗೆ ಕಾಣುವುದಕ್ಕೆ ಎರಡೂವರೆ ವರ್ಷ ಮೊದಲೇ ಸುಳಿಯೊಳಗೆ ಅದರ ಮೊಳಕೆ ಮೂಡಿರುತ್ತದೆ. ಬರದ ಏಟು ಆ ಮೊಳಕೆಗೂ ಬಿದ್ದಿರುವುದರಿಂದ, ಮಳೆ ಚೆನ್ನಾಗಿ ಬಂದ ಮೇಲೂ ಎರಡು ಮೂರು ವರ್ಷ ಕಾಯಿ ಕಡಿಮೆ. ಇದನ್ನು ತಿಳಿಯದೆ ಮರ ಕೈಕೊಟ್ಟಿತೆಂದು ಕಡಿದುಹಾಕಬೇಡಿ.

ತಗ್ಗಿನ ತೋಟಕ್ಕೆ ಕೆರೆಗೋಡು ಹೊಡೆಸಿ, ತೆಂಗಿನ ಸಿಪ್ಪೆಯನ್ನು ಸುಡದೆ ಸಾಲುಗಳ ನಡುವೆ ಗುಂಡಿಯಲ್ಲಿ ಹೂತು, ಗರಿಯನ್ನು ಬುಡಕ್ಕೆ ಹೊದಿಸಿದರೆ ಬೇಸಿಗೆ ದಾಟಿಸುವುದು ಸುಲಭವಾಗುತ್ತದೆ. ದಿಣ್ಣೆಯ ಜಾಗಕ್ಕೆ ಹುಣಸೆ, ಬೇವು, ಹೊಂಗೆಗಳಂಥ ಆಳಬೇರಿನ ಮರಗಳೇ ಸರಿ. ಅವನ್ನೂ ಆದಷ್ಟು ಬೀಜದಿಂದಲೇ ಎಬ್ಬಿಸಿ. ಬಹಳ ಕಾಲ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದ ಸಸಿಯ ತಾಯಿಬೇರು ಚೀಲದ ತಳದಲ್ಲಿ ಸುತ್ತಿಕೊಂಡು, ನೆಲಕ್ಕೆ ಬಂದ ಮೇಲೂ ನೆಟ್ಟಗೆ ಇಳಿಯಲು ತಿಣುಕುತ್ತದೆ. ಬದುವಿನಲ್ಲೇ ಮೊಳೆತ ಬೀಜವಾದರೆ, ಮೇಲೆ ನಾಲ್ಕೆಲೆ ಕಾಣುವ ಹೊತ್ತಿಗೆ ಕೆಳಗೆ ಬೇರು ಅದಕ್ಕಿಂತ ಮುಂದೆ ಹೋಗಿರುತ್ತದೆ. ಹೊಂಗೆಯ ಬೀಜ ಹಳತಾದಷ್ಟೂ ಮೊಳಕೆ ಕಡಿಮೆಯಾಗುವುದರಿಂದ, ಕಾಯಿ ಉದುರುವ ಕಾಲದಲ್ಲೇ ಆರಿಸಿ ನೆರಳಲ್ಲಿ ಒಣಗಿಸಿಟ್ಟು, ಅದೇ ವರ್ಷದ ಮುಂಗಾರಿನ ಮೊದಲ ಹದಮಳೆಗೇ ಊರಿಬಿಡಿ. ಚಿಗುರು ಗಟ್ಟಿಯಾಗುವವರೆಗೆ ಸುತ್ತ ಒಂದಿಷ್ಟು ಜಾಲಿಮುಳ್ಳು ಇಟ್ಟರೆ ಆಡು ಕುರಿಯಿಂದಲೂ ಕಾಪಾಡಿದಂತಾಗುತ್ತದೆ.